ಮಲವಗೊಪ್ಪ ದಾಟದ ಮುಚ್ಚಳಗಳು

ನಾನು ಜಗಳಗಂಟಿ. ಇದನ್ನು ಮೊದಲೇ ಹೇಳಿಬಿಟ್ಟರೆ ಓದುವವರಿಗೂ ಅನುಕೂಲ, ನನಗೂ ಅನುಕೂಲ. ಭದ್ರಾವತಿಯ ಕಾಗದನಗರದ ಶಾಲೆಯಲ್ಲಿ ಜೀವಮಾನವಿಡೀ ಕೂಗಿ ಕೂಗಿ ಪಾಠ ಹೇಳಿದವಳು. ನಾನು ನಿವೃತ್ತಳಾದೆ, ಗಂಟಲು ಆಗಲಿಲ್ಲ. ತರಕಾರಿ ಗಾಡಿಯವನಿಂದ ಹಿಡಿದು ನಲ್ಲಿ ನೀರು ಬಿಡುವವನವರೆಗೆ ನನ್ನ ಬಾಯಿಗೆ ಹೆದರದವರಿಲ್ಲ. ನಮ್ಮ ಬೀದಿಯಲ್ಲಿ ಯಾರಿಗೆ ಏನು ಅನ್ಯಾಯವಾದರೂ "ಟೀಚರಮ್ಮನ್ನ ಕರೀರಿ" ಅನ್ನುತ್ತಾರೆ. ಹಾಗೆ ಕರೆಸಿಕೊಳ್ಳುವುದೆಂದರೆ ನನಗೆ ಒಳಗೊಳಗೇ ಬಲು ಇಷ್ಟ. ಆ ಇಷ್ಟದಿಂದಲೇ ನಮ್ಮ ಬಾಸ್ಕೆಟ್‌ಬಾಲ್ ತಂಡ ಊರು ಬಿಟ್ಟು ಹೋಯಿತು. ಹೋಗುವಾಗ ಒಬ್ಬ ಹುಡುಗಿಯನ್ನು ಇಲ್ಲೇ ಬಿಟ್ಟು ಹೋಯಿತು. ಅವಳ ಮುಖ ನೋಡಿದಾಗಲೆಲ್ಲ ನನಗೆ ನನ್ನ ಮೇಲೇ ಹೇಸಿಗೆಯಾಗುತ್ತದೆ.

ನಮ್ಮ ಕ್ವಾರ್ಟರ್ಸ್ ಸಾಲುಗಳ ನಡುವೆ ಒಂದು ಸಿಮೆಂಟ್ ಕೋರ್ಟ್ ಇದೆ. ಕಾಗದದ ಕಾರ್ಖಾನೆ ಜೋರಾಗಿ ನಡೆಯುತ್ತಿದ್ದ ಕಾಲದಲ್ಲಿ ಹಾಕಿಸಿದ್ದು. ಕ್ರಿಕೆಟ್ ಹುಚ್ಚು ಎಲ್ಲ ಊರಿಗೂ ಇದೆ, ನಮಗೆ ಮಾತ್ರ ಬಾಸ್ಕೆಟ್‌ಬಾಲ್ ಹುಚ್ಚು. ಶಿಫ್ಟ್ ಮುಗಿಸಿದವರು ಮನೆಗೆ ಹೋಗದೆ ಸೀದಾ ಕೋರ್ಟಿಗೆ ಬರುತ್ತಿದ್ದರು, ಕೈಯಲ್ಲಿ ಖಾಲಿ ಟಿಫಿನ್ ಕ್ಯಾರಿಯರ್. ಚಪ್ಪಾಳೆ ತಟ್ಟೋಣವೆಂದರೆ ಕೈ ಬಿಡುವಿಲ್ಲವಲ್ಲ, ಕ್ಯಾರಿಯರಿನ ಮುಚ್ಚಳ ತೆಗೆದು ಡಬ್ಬಿಗೇ ಬಡಿಯುತ್ತಿದ್ದರು. ಹಾಗೆ ಶುರುವಾದ ಅಭ್ಯಾಸ ಅದು. ಆಮೇಲೆ ಕಾರ್ಖಾನೆ ನಿಂತಿತು. ಎಷ್ಟೋ ಮನೆಗಳಿಗೆ ಬೀಗ ಬಿತ್ತು, ಅಂಗಳಗಳಲ್ಲಿ ಪಾರ್ಥೇನಿಯಂ ಆಳೆತ್ತರ ಬೆಳೆಯಿತು. ಆದರೆ ಸಂಜೆಯ ಆಟವೂ ನಿಲ್ಲಲಿಲ್ಲ, ಮುಚ್ಚಳ ಬಡಿಯುವುದೂ ನಿಲ್ಲಲಿಲ್ಲ. ಊಟ ಹೊತ್ತುಕೊಂಡು ಹೋಗುವ ಕೆಲಸವೇ ಇಲ್ಲದವರೂ ಮನೆಯಿಂದ ಮುಚ್ಚಳ, ಡಬ್ಬಿ ಹಿಡಿದುಕೊಂಡು ಬರುತ್ತಿದ್ದರು.

ಬಡಿಯುವುದಕ್ಕೂ ಒಂದು ಕ್ರಮವಿತ್ತು. ಎದುರಿನವರು ಫೌಲ್ ಮಾಡಿದರೆ ನಮಗೆ ಫ್ರೀ ಥ್ರೋ ಸಿಗುತ್ತದೆ. ಎಂದರೆ ಯಾರೂ ಅಡ್ಡ ಬರದಂತೆ, ಗೆರೆಯ ಹಿಂದೆ ಒಬ್ಬರೇ ನಿಂತು ರಿಂಗಿಗೆ ಚೆಂಡು ಎಸೆಯುವುದು. ನೋಡುವುದಕ್ಕೆ ಸುಲಭ. ನಿಂತವರಿಗೇ ಗೊತ್ತು ಅದರ ಕಷ್ಟ. ನಮ್ಮ ಮಕ್ಕಳು ಹಾಗೆ ನಿಂತು ಚೆಂಡನ್ನು ಮೂರು ಸಲ ನೆಲಕ್ಕೆ ಪುಟಿಸುತ್ತಿದ್ದರು. ಪ್ರತಿ ಸಲಕ್ಕೂ ಎಲ್ಲ ಮುಚ್ಚಳಗಳೂ ಒಟ್ಟಿಗೆ ಒಂದೇ ಏಟು. ಠಣ್, ಠಣ್, ಠಣ್. ಆಮೇಲೆ ಯಾರೂ ಉಸಿರೆತ್ತುವಂತಿಲ್ಲ. ಆ ಮೌನದೊಳಗೇ ಚೆಂಡು ಕೈ ಬಿಡಬೇಕು. ಈ ಏಟುಗಳನ್ನು ಹಾಕಿಸುತ್ತಿದ್ದವಳು ನಾನು. ಶಾಲೆಯಲ್ಲಿ ಡ್ರಿಲ್ ಮಾಡಿಸಿದ ಕೈ, ಒಂದು ಮುಚ್ಚಳ ಹಿಂದುಮುಂದಾದರೂ ತಿರುಗಿ ದುರುಗುಟ್ಟಿ ನೋಡುತ್ತಿದ್ದೆ. ಕೂದಲು ನೆರೆತ ಗಂಡಸರೂ "ಸಾರಿ ಟೀಚರಮ್ಮ" ಅನ್ನುತ್ತಿದ್ದರು.

ಆ ಹುಡುಗಿ ನಮ್ಮ ಹಿಂದಿನ ಸಾಲಿನವಳು, ನನ್ನ ಶಾಲೆಯಲ್ಲೇ ಓದಿದವಳು. ಅಪ್ಪ ಲಾರಿ ಓಡಿಸಿಕೊಂಡು ಊರೂರು ತಿರುಗುವವನು, ಅಮ್ಮ ಬ್ಲೌಸ್ ಹೊಲಿಯುವವಳು. ಗಣಿತ ತಲೆಗೆ ಹತ್ತುತ್ತಿರಲಿಲ್ಲ. ಮಗ್ಗಿ ಒಪ್ಪಿಸು ಎಂದರೆ ಕಿಟಕಿಯಾಚೆ ಕೋರ್ಟ್ ನೋಡುತ್ತ ನಿಂತಿರುತ್ತಿದ್ದಳು. ಆದರೆ ಚೆಂಡು ಕೈಗೆ ಬಂದರೆ ಮುಗಿಯಿತು, ಅವಳನ್ನು ಹಿಡಿಯುವವರಿರಲಿಲ್ಲ. ಫ್ರೀ ಥ್ರೋ ಗೆರೆಯ ಮೇಲಂತೂ ಅವಳ ಕೈ ತಪ್ಪಿದ್ದನ್ನು ನಾವು ನೋಡಿದ್ದೇ ಅಪರೂಪ. ಒಮ್ಮೆ ಹೇಳಿದ್ದಳು, "ಮಿಸ್, ಮೂರನೇ ಏಟು ಬಿದ್ಮೇಲೆ ನನ್ ಕೈ ತಾನಾಗೇ ಏಳುತ್ತೆ. ನಾನು ಏನೂ ಮಾಡಲ್ಲ." ನಾನು ಉಬ್ಬಿಹೋಗಿದ್ದೆ. ಅವಳ ಆಟದಲ್ಲಿ ನನಗೂ ಪಾಲಿದೆ ಎಂದು ಬೀದಿಯಲ್ಲೆಲ್ಲ ಹೇಳಿಕೊಂಡು ಬಂದಿದ್ದೆ.

ಹೀಗಿರುವಾಗ ಹೆಣ್ಣುಮಕ್ಕಳಿಗೆಂದೇ ಒಂದು ವೃತ್ತಿಪರ ಲೀಗ್ ಶುರುವಾಯಿತು. ಶಿವಮೊಗ್ಗದ ಒಬ್ಬ ಅಡಿಕೆ ಸಾಹುಕಾರರು ನಮ್ಮ ಜಿಲ್ಲೆಯ ತಂಡ ಕೊಂಡರು. ಪ್ರತಿ ತಂಡದಲ್ಲೂ ಆಯಾ ಜಿಲ್ಲೆಯ ಹುಡುಗಿಯರು ಕೆಲವರಾದರೂ ಇರಬೇಕೆಂಬ ನಿಯಮವಿತ್ತಂತೆ. ನಮ್ಮವಳು ಆಯ್ಕೆಯಾದಳು. ಆಡುವುದಕ್ಕೆ ಸಂಬಳ! ಅವಳಮ್ಮ ಬೀದಿಗೆಲ್ಲ ಮೈಸೂರುಪಾಕು ಹಂಚಿದಳು. ಮೊದಲ ವರ್ಷದ ಪಂದ್ಯಗಳು ನಮ್ಮ ಸಿಮೆಂಟ್ ಕೋರ್ಟಿನಲ್ಲೇ ನಡೆದವು. ದೊಡ್ಡ ದೊಡ್ಡ ಲೈಟು ತಂದು ನಿಲ್ಲಿಸಿದರು. ಕ್ವಾರ್ಟರ್ಸ್ ಛಾವಣಿ ಮೇಲೆ, ಕಾಂಪೌಂಡ್ ಗೋಡೆ ಮೇಲೆ, ಎಲ್ಲಿ ನೋಡಿದರೂ ಜನ. ಬೇರೆ ಊರಿನ ತಂಡದವರು ನಮ್ಮ ಮುಚ್ಚಳದ ಸದ್ದಿಗೆ ಕಂಗಾಲಾಗಿ ಕೈಚೆಲ್ಲುತ್ತಿದ್ದರು. ಕಾರ್ಖಾನೆ ನಿಂತ ಮೇಲೆ ನಮ್ಮ ಊರಿನವರು ಅಷ್ಟು ನಕ್ಕಿದ್ದನ್ನು ನಾನು ನೋಡಿರಲಿಲ್ಲ.

ಎರಡನೇ ವರ್ಷ ಪಂದ್ಯಗಳನ್ನು ಶಿವಮೊಗ್ಗದ ಒಳಾಂಗಣ ಕ್ರೀಡಾಂಗಣಕ್ಕೆ ಒಯ್ದರು. ಮಳೆ ಬಂದರೆ ಆಟ ನಿಲ್ಲುತ್ತದೆ, ಸಿಮೆಂಟಿನ ಮೇಲೆ ಹುಡುಗಿಯರ ಮಂಡಿ ಹಾಳಾಗುತ್ತದೆ, ಅಲ್ಲಿ ಮರದ ನೆಲವಿದೆ ಎಂದರು. ಎಲ್ಲವೂ ನಿಜವೇ. ಆದರೆ ಹೊಸ ಅಂಗಿಯ ಮೇಲೆ ಶಿವಮೊಗ್ಗ ಎಂದು ದಪ್ಪಕ್ಷರದಲ್ಲಿ ಬರೆಸಿದ್ದರು, ಭದ್ರಾವತಿಯ ಹೆಸರು ಎಲ್ಲೂ ಇರಲಿಲ್ಲ. ನನಗೆ ಕೋಪ ನೆತ್ತಿಗೇರಿತು. ಆಫೀಸು ಅವರಿಗೆ, ಕಾಲೇಜು ಅವರಿಗೆ, ಆಸ್ಪತ್ರೆ ಅವರಿಗೆ, ಈಗ ನಮ್ಮ ಆಟವೂ ಅವರಿಗೇ ಬೇಕೇ? ಅವತ್ತು ಸಂಜೆಯೇ ಎಲ್ಲರನ್ನೂ ಕೋರ್ಟಿಗೆ ಕರೆದೆ.

"ಒಬ್ಬರೂ ಹೋಗಬಾರದು" ಎಂದೆ. "ಈ ಸೀಸನ್ ಪೂರ್ತಿ ಗ್ಯಾಲರಿ ಖಾಲಿ ಹೊಡೀಲಿ. ಸಾಹುಕಾರ್ರೇ ಓಡಿ ಬರ್ತಾರೆ ಮಾತುಕತೆಗೆ."

ಎಲ್ಲರೂ ಮುಚ್ಚಳ ಬಡಿದು ಒಪ್ಪಿದರು. ಒಪ್ಪದೆ ಇನ್ನೇನು? ನಮ್ಮದು ಕಾರ್ಖಾನೆ ಊರು. ನಮಗೆ ಗೊತ್ತಿರುವ ಹೋರಾಟ ಅದೊಂದೇ. ಎಲ್ಲರೂ ಗೇಟಿನ ಹೊರಗೆ ನಿಲ್ಲುವುದು, ಆಡಳಿತದವರು ಕರೆಯುವವರೆಗೆ ಒಳಗೆ ಕಾಲಿಡದಿರುವುದು. ಮುಷ್ಕರ, ಮಾತುಕತೆ, ಬೇಡಿಕೆ, ಈ ಮಾತುಗಳನ್ನು ಇಲ್ಲಿನ ಮಕ್ಕಳು ತೊಟ್ಟಿಲಲ್ಲೇ ಕೇಳಿ ಬೆಳೆದವರು.

ನನ್ನ ಗಂಡ ಮಾತ್ರ ಮುಚ್ಚಳ ಬಡಿಯಲಿಲ್ಲ. ಅವರು ಕಾರ್ಖಾನೆಯಲ್ಲಿ ಕಾರ್ಮಿಕ ಸಂಘದ ಮನುಷ್ಯ. ಜೀವಮಾನದಲ್ಲಿ ಒಂದು ಮುಷ್ಕರವನ್ನೂ ಮುರಿದವರಲ್ಲ. ಮನೆಗೆ ಬರುವ ದಾರಿಯಲ್ಲಿ ಮೆಲ್ಲಗೆ ತೆಗೆದರು.

"ಅಲ್ಲ ಮಾರಾಯ್ತಿ, ದಾರೀಲಿರೋ ಮಲವಗೊಪ್ಪ ದಾಟೋಕೆ ನಿನಗೇನು ಪಾಸ್‌ಪೋರ್ಟ್ ಬೇಕಾ? ಬಸ್ ಹತ್ತಿದ್ರೆ ಶಿವಮೊಗ್ಗ."

"ಪ್ರಶ್ನೆ ಬಸ್ಸಿನದ್ದಲ್ಲ ರೀ, ಮರ್ಯಾದೆದು."

"ನಾವು ಕೆಲ್ಸಕ್ಕೆ ಹೋಗ್ದಿದ್ರೆ ಮಿಷನ್ ನಿಲ್ತಿತ್ತು. ಅದಕ್ಕೇ ಮಾತುಕತೆಗೆ ಕರೀತಿದ್ರು. ನೀನು ಮುಚ್ಚಳ ಬಡೀದಿದ್ರೆ ಏನು ನಿಲ್ಲುತ್ತೆ?"

"ಆಟ ನಿಲ್ಲುತ್ತೆ!"

"ಹೂಂ. ನನ್ ಭಯಾನೂ ಅದೇ" ಎಂದರು. ನಾನು ಸುಮ್ಮನಿರಿ ಎಂದು ಗದರಿದೆ.

ಪಂದ್ಯಗಳು ಮೊಬೈಲಿನಲ್ಲಿ ಬರುತ್ತಿದ್ದವು. ಎದುರು ಮನೆಯಲ್ಲಿ ಕಾರ್ಖಾನೆಯ ಹಳೆಯ ಫಿಟ್ಟರ್ ಒಬ್ಬರಿದ್ದಾರೆ, ತಮಿಳು ಮನೆಮಾತಿನವರು. ಅವರ ಮೊಮ್ಮಗಳು ಮೊಬೈಲನ್ನು ಟಿ.ವಿ.ಗೆ ಜೋಡಿಸಿಕೊಟ್ಟಿದ್ದಳು. ನಾವೆಲ್ಲ ಅಲ್ಲಿ ಸೇರುತ್ತಿದ್ದೆವು. ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ, ದೊಡ್ಡ ಸಂಭ್ರಮ. ಕ್ಯಾಮೆರಾ ಗ್ಯಾಲರಿಯ ಕಡೆ ತಿರುಗಿದಾಗ ಸಾಲು ಸಾಲು ಖಾಲಿ ಕುರ್ಚಿ ಕಾಣುತ್ತಿತ್ತು. ಅಲ್ಲೊಬ್ಬ ಇಲ್ಲೊಬ್ಬ ಮೊಬೈಲ್ ನೋಡುತ್ತ ಕೂತಿರುತ್ತಿದ್ದ. ಶಿವಮೊಗ್ಗದವರಿಗೆ ಆ ಆಟದ ರುಚಿ ಹತ್ತಿರಲಿಲ್ಲ, ಹತ್ತಿಸಬೇಕಾದವರು ನಾವು ಇಲ್ಲಿ ಬಜ್ಜಿ ತಿನ್ನುತ್ತ ಕೂತಿದ್ದೆವು. ಖಾಲಿ ಕುರ್ಚಿ ಕಂಡಾಗಲೆಲ್ಲ ಚಪ್ಪಾಳೆ ತಟ್ಟಿದೆವು. ದೇವರಾಣೆ, ನಮ್ಮ ತಂಡ ಪಾಯಿಂಟ್ ಗಳಿಸಿದಾಗಲೂ ಅಷ್ಟು ತಟ್ಟಲಿಲ್ಲ.

ಆ ವರ್ಷ ಅವಳ ಫ್ರೀ ಥ್ರೋ ತಪ್ಪತೊಡಗಿತು. ಗೆರೆಯ ಮೇಲೆ ನಿಂತು ಮೂರು ಸಲ ಪುಟಿಸುತ್ತಿದ್ದಳು. ಆಮೇಲೆ ಚೆಂಡು ಹಿಡಿದುಕೊಂಡು ಸುಮ್ಮನೆ ನಿಂತುಬಿಡುತ್ತಿದ್ದಳು, ಏನೋ ಮರೆತವಳ ಹಾಗೆ. ರೆಫರಿ ಹೊತ್ತಾಯಿತು ಎಂಬಂತೆ ನೋಡಿದ ಮೇಲೆ ಅವಸರದಲ್ಲಿ ಎಸೆಯುತ್ತಿದ್ದಳು. ಚೆಂಡು ರಿಂಗಿಗೆ ತಾಗಿ ಆಚೆ ಬೀಳುತ್ತಿತ್ತು. ಕಾಮೆಂಟರಿಯವನು ಫಾರ್ಮ್ ಹೋಗಿದೆ ಎಂದ. ಅವಳು ಏನಕ್ಕೆ ಕಾಯುತ್ತಿದ್ದಾಳೆಂದು ನನಗೆ ಗೊತ್ತಿತ್ತು. ಚೆನ್ನಾಗಿಯೇ ಗೊತ್ತಿತ್ತು. ಗೊತ್ತಿದ್ದೂ ಎಲ್ಲರ ಮುಂದೆ ಹೇಳಿದೆ: "ನೋಡಿದ್ರಾ? ನಾವಿಲ್ದೆ ಏನೂ ಆಗಲ್ಲ ಅಂತ ಈಗ ಅರ್ಥ ಆಗುತ್ತೆ ಅವರಿಗೆ." ಛೀ, ಎಂಥ ಮಾತು ಅದು! ನೆನೆದರೆ ಈಗಲೂ ನಾಲಿಗೆ ಕಚ್ಚಿಕೊಳ್ಳುತ್ತೇನೆ.

ಸೀಸನ್ನಿನ ಕೊನೆಯ ಪಂದ್ಯದ ಹಿಂದಿನ ದಿನ ಮಧ್ಯಾಹ್ನ ಅವಳು ಮನೆಗೆ ಬಂದಳು. ಅವಳಿಗೆ ಕಾಫಿ ಕೊಟ್ಟು, ಸೊರಗಿದ್ದೀಯಲ್ಲೇ ಎಂದೆ.

"ಮಿಸ್, ನಾಳೆ ಒಂದ್ ದಿನ ಎಲ್ಲರನ್ನೂ ಕರ್ಕೊಂಡ್ ಬನ್ನಿ" ಎಂದಳು. "ಸಾಹುಕಾರ್ರು ಬರ್ತಿದಾರೆ. ತಂಡ ಇಲ್ಲಿಟ್ಕೊಳ್ಳೋದಾ, ಬೇರೆ ಊರಿಗೆ ಕೊಡೋದಾ ಅಂತ ನಾಳೆ ನೋಡಿ ತೀರ್ಮಾನ ಮಾಡ್ತಾರಂತೆ. ಬೇರೆ ಊರಾದ್ರೆ ಸ್ಥಳೀಯರ ಜಾಗಕ್ಕೆ ಅಲ್ಲಿನ ಹುಡುಗೀರನ್ನೇ ತಗೋಬೇಕು. ನನಗೆ ಜಾಗ ಇರಲ್ಲ."

"ನೀನು ಚೆನ್ನಾಗಿ ಆಡು, ಗೆಲ್ಲು. ಗೆದ್ದ ತಂಡನ ಯಾರು ಬಿಡ್ತಾರೆ?"

"ಅವರು ಆಟ ನೋಡಲ್ಲ ಮಿಸ್. ಗ್ಯಾಲರಿ ನೋಡ್ತಾರೆ."

"ಹಾಗಾದ್ರೆ ಇನ್ನೂ ಒಳ್ಳೇದಾಯ್ತು. ಖಾಲಿ ನೋಡ್ಲಿ, ಬುದ್ಧಿ ಬರುತ್ತೆ. ಆಮೇಲೆ ಅವರೇ ಆಟನ ಇಲ್ಲಿಗೆ ತರ್ತಾರೆ, ನೀನು ನೋಡ್ತಿರು. ನಿನ್ನ ಒಳ್ಳೇದಕ್ಕೇ ಕಣೆ ಇದೆಲ್ಲ."

ಅವಳು ವಾದ ಮಾಡಲಿಲ್ಲ. ನನ್ನ ಕೈಯಲ್ಲಿ ಓದಿದ ಮಕ್ಕಳು ನನ್ನೆದುರು ವಾದ ಮಾಡುವುದಿಲ್ಲ. ಕಾಫಿ ಲೋಟ ತೊಳೆದಿಟ್ಟು, ಅಡುಗೆಮನೆಯ ಗೂಟಕ್ಕೆ ನೇತುಹಾಕಿದ್ದ ನನ್ನ ಮುಚ್ಚಳದ ಕಡೆ ನೋಡಿದಳು. "ಹೋಗ್ಲಿ ಮಿಸ್, ನಿಮ್ ಮುಚ್ಚಳನಾದ್ರೂ ಕೊಡಿ. ಅಮ್ಮ ಬರ್ತಾಳೆ. ಅವಳೇ ಬಡೀತಾಳೆ" ಎಂದಳು.

ನಾನು ಕೊಡಲಿಲ್ಲ. ಒಂದು ತಗಡಿನ ಮುಚ್ಚಳ. "ಒಬ್ಬರಿಗೆ ಕೊಟ್ರೆ ನಾಳೆ ಎಲ್ಲರೂ ಹೊರಟು ನಿಲ್ತಾರೆ, ಒಗ್ಗಟ್ಟು ಒಡೆಯುತ್ತೆ" ಎಂದೆ. ಆಗಲಿ ಮಿಸ್ ಎಂದು ಹೋದಳು. ಗೇಟಿನ ಚಿಲಕ ಸದ್ದಾಗದಂತೆ ಹಾಕಿಕೊಂಡು ಹೋದಳು.

ಮರುದಿನ ಸಂಜೆ ಫಿಟ್ಟರ್ ಮನೆಯಲ್ಲಿ ಎಲ್ಲರೂ ಸೇರಿದ್ದೆವು. ನನ್ನ ಗಂಡ ಕನ್ನಡಕದ ಕಾಲು ಮುರಿದಿದೆ, ಶಿವಮೊಗ್ಗಕ್ಕೆ ಹೋಗಿ ಸರಿಮಾಡಿಸಿಕೊಂಡು ಬರುತ್ತೇನೆಂದು ಬೆಳಿಗ್ಗೆಯೇ ಹೋಗಿದ್ದರು. ಪಂದ್ಯ ಜಿದ್ದಾಜಿದ್ದಿಯಾಗಿ ಸಾಗಿ, ಕೊನೆಯ ಗಳಿಗೆಯಲ್ಲಿ ನಾವು ಒಂದು ಪಾಯಿಂಟ್ ಹಿಂದಿದ್ದಾಗ ನಮ್ಮವಳಿಗೆ ಫೌಲ್ ಆಯಿತು. ಎರಡು ಫ್ರೀ ಥ್ರೋ. ಅವಳು ಗೆರೆಯ ಮೇಲೆ ನಿಂತು ಚೆಂಡು ಪುಟಿಸಿದಳು.

ಠಣ್.

ಟಿ.ವಿ.ಯೊಳಗಿಂದ ಸದ್ದು ಬಂತು. ಫಿಟ್ಟರ್ ಮನೆಯಲ್ಲಿ ಬಜ್ಜಿ ತಿನ್ನುವ ಸದ್ದೂ ನಿಂತುಹೋಯಿತು. ಮತ್ತೆ ಪುಟಿಸಿದಳು, ಮತ್ತೆ ಠಣ್. ಕ್ಯಾಮೆರಾ ಆ ಸದ್ದನ್ನು ಹುಡುಕಿಕೊಂಡು ಮೇಲೆ ಹೋಯಿತು. ಅಷ್ಟು ಖಾಲಿ ಕುರ್ಚಿಗಳ ನಡುವೆ ಇಬ್ಬರು. ಒಬ್ಬಳು ಅವಳಮ್ಮ, ಕೈಯಲ್ಲಿ ಊಟದ ತಟ್ಟೆ ಮತ್ತು ಸೌಟು. ಇನ್ನೊಬ್ಬರು ಮುರಿದ ಕನ್ನಡಕಕ್ಕೆ ದಾರ ಕಟ್ಟಿಕೊಂಡ ನನ್ನ ಗಂಡ. ಕೈಯಲ್ಲಿ ನನ್ನ ಮುಚ್ಚಳ. ಮೂರನೇ ಏಟು ಬಿತ್ತು. ಅವಳ ಕೈ ತಾನಾಗೇ ಎದ್ದಿತು. ಎರಡೂ ಚೆಂಡು ರಿಂಗಿನ ಅಂಚು ಮುಟ್ಟದೆ ಒಳಗೆ ಬಿದ್ದವು.

ನಾವು ಗೆದ್ದೆವು. ಫಿಟ್ಟರ್ ಮನೆಯಲ್ಲಿ ಒಬ್ಬರೂ ಚಪ್ಪಾಳೆ ತಟ್ಟಲಿಲ್ಲ. ಎಲ್ಲರೂ ನನ್ನ ಮುಖ ನೋಡುತ್ತಿದ್ದರು. ಫಿಟ್ಟರ್ ತಲೆ ತಗ್ಗಿಸಿ "ಕರುಂಗಾಲಿ" ಎಂದು ಗೊಣಗಿದರು. ಮುಷ್ಕರ ಮುರಿದು ಒಳಗೆ ಹೋದವನಿಗೆ ನಮ್ಮ ಊರಿನಲ್ಲಿ ಅನ್ನುವ ಮಾತು ಅದು, ಅದಕ್ಕಿಂತ ಕೆಟ್ಟ ಬೈಗುಳ ಇನ್ನೊಂದಿಲ್ಲ.

ಗಂಡ ಮನೆಗೆ ಬಂದಾಗ ನಾನು ಬಾಗಿಲಲ್ಲೇ ನಿಂತು ಅದೇ ಮಾತು ಅಂದೆ. ಅಷ್ಟು ವರ್ಷ ಸಂಘಕ್ಕಾಗಿ ಬಿಸಿಲಲ್ಲಿ ಗೇಟಿನ ಮುಂದೆ ಕೂತ ಮನುಷ್ಯನಿಗೆ. ಅವರು ಸಿಟ್ಟಾಗಲಿಲ್ಲ. ಮುಚ್ಚಳವನ್ನು ಗೂಟಕ್ಕೆ ಹಾಕಿ ಹೇಳಿದರು: "ಅನ್ನು. ಆದ್ರೆ ಆ ಮಗು ಪ್ರತಿ ಸಲಾನೂ ಮೇಲೆ ತಿರುಗಿ ನೋಡ್ತಿತ್ತು ಮಾರಾಯ್ತಿ. ಯಾರಾದ್ರೂ ಇರ್ಬೇಕಿತ್ತು ಅಲ್ಲಿ." ಕೈಕಾಲು ತೊಳೆದು ಊಟ ಮಾಡದೆ ಮಲಗಿದರು.

ಆಮೇಲೆ ನಾವು ಮಾತುಕತೆಗೆ ಕಾದೆವು. ಬೇಡಿಕೆಗಳೂ ಸಿದ್ಧವಿದ್ದವು, ಅಂಗಿಯ ಮೇಲೆ ಭದ್ರಾವತಿಯ ಹೆಸರು, ನಮ್ಮ ಕೋರ್ಟಿಗೆ ಛಾವಣಿ. ಯಾರೂ ಬರಲಿಲ್ಲ. ಕೊನೆಗೆ ಪತ್ರಿಕೆಯಲ್ಲಿ ಒಂದು ಸಣ್ಣ ಸುದ್ದಿ ಬಂತು, ತಂಡ ಕರಾವಳಿಯ ಒಂದು ಊರಿಗೆ ಹೋಗುತ್ತಿದೆಯೆಂದು. ನಾನು ಫೋನ್ ಮಾಡಿ ತಂಡದ ಮ್ಯಾನೇಜರ್ ಮೇಲೆ ಹರಿಹಾಯ್ದೆ.

"ಮೇಡಂ, ಸಾಹುಕಾರ್ರು ಗ್ಯಾಲರಿ ನೋಡಿದ್ರು. ಈ ಕಡೆ ಜನಕ್ಕೆ ಇಷ್ಟ ಇಲ್ಲ ಅಂತ ಗೊತ್ತಾಯ್ತು" ಎಂದ ಆ ಹುಡುಗ, ಪಾಪ, ಬಹಳ ವಿನಯದಿಂದ.

"ಇಷ್ಟ ಇಲ್ಲ ಅಂತ ಯಾರು ಹೇಳಿದ್ದು? ನಮಗಿದ್ದಿದ್ದು ಸಿಟ್ಟು ಕಣಪ್ಪ, ಸಿಟ್ಟು!"

"ಖಾಲಿ ಕುರ್ಚಿ ಮೇಲೆ ಸಿಟ್ಟು ಅಂತ ಬರ್ದಿರುತ್ತಾ ಮೇಡಂ?"

ಫೋನ್ ಇಟ್ಟೆ. ನಾವು ಮುನಿಸಿಕೊಂಡಿದ್ದೇವೆಂದು ಅವರಿಗೆ ಗೊತ್ತೇ ಆಗಿರಲಿಲ್ಲ. ಮುನಿಸು ತಿಳಿಯಬೇಕಾದರೆ ಎದುರಿಗೆ ಹೋಗಿ ಕೂಗಬೇಕಿತ್ತು, ಗ್ಯಾಲರಿ ತುಂಬ ಕೂತು ಭದ್ರಾವತಿ ಭದ್ರಾವತಿ ಎಂದು ಮುಚ್ಚಳ ಬಡಿಯಬೇಕಿತ್ತು. ಕೂಗುವುದನ್ನೇ ಕಸುಬು ಮಾಡಿಕೊಂಡ ನಾನು ಜೀವನದಲ್ಲಿ ಒಂದೇ ಸಲ ಬಾಯಿ ಮುಚ್ಚಿ ಕೂತೆ, ಊರನ್ನೂ ಕೂರಿಸಿದೆ. ಆ ಒಂದೇ ಸಲದಲ್ಲಿ ಎಲ್ಲ ಮುಗಿದುಹೋಯಿತು.

ಅವಳು ಬೇರೆ ಬೇರೆ ಊರುಗಳ ಆಯ್ಕೆಗೆ ಹೋಗಿ ಬಂದಳು. ಎಲ್ಲೂ ಆಗಲಿಲ್ಲ. ಈಗ ಶಿವಮೊಗ್ಗದ ರಾಗಿಗುಡ್ಡದ ಹತ್ತಿರ ಒಂದು ಖಾಸಗಿ ಶಾಲೆಯಲ್ಲಿ ಆಟದ ಟೀಚರ್. ಅವಳು ಬೆಳಿಗ್ಗೆ ಬಸ್ಸಿಗೆ ಹೋಗುವಾಗ ನಾನು ಹೂವಿನ ಗಿಡಕ್ಕೆ ನೀರು ಹಾಕುತ್ತಿರುತ್ತೇನೆ. "ಬರ್ತೀನಿ ಮಿಸ್" ಎಂದು ಕೈ ಬೀಸುತ್ತಾಳೆ. ಒಂದು ದಿನವಾದರೂ ಮುಖ ತಿರುಗಿಸಿಕೊಂಡು ಹೋಗಿದ್ದರೆ ನನಗೆ ಸ್ವಲ್ಪ ಹಗುರಾಗುತ್ತಿತ್ತೋ ಏನೋ. ಅವಳಮ್ಮನೂ ಹಾಗೇ, ಬ್ಲೌಸ್ ಹೊಲಿದುಕೊಟ್ಟು ಚೆನ್ನಾಗಿದೀರಾ ಟೀಚರಮ್ಮ ಎಂದು ನಗುತ್ತಾಳೆ.

ಈಚೆಗೆ ಅದೇ ಒಳಾಂಗಣ ಕ್ರೀಡಾಂಗಣದಲ್ಲಿ ಶಾಲಾ ಶಿಕ್ಷಕಿಯರ ಒಂದು ಟೂರ್ನಿ ಇತ್ತು. ಅವಳು ಆಡುತ್ತಾಳೆಂದು ತಿಳಿದದ್ದೇ ತಡ, ಮನೆ ಮನೆಗೆ ಹೋಗಿ ಎಲ್ಲರನ್ನೂ ಎಬ್ಬಿಸಿದೆ. ಫಿಟ್ಟರ್ ವ್ಯಾನ್ ಮಾಡಿಸಿದರು. ಮಲವಗೊಪ್ಪ ದಾಟುವಾಗ ನನ್ನ ಗಂಡ ಕಿಟಕಿಯಾಚೆ ನೋಡಿ "ಪಾಸ್‌ಪೋರ್ಟ್ ಕೇಳ್ಲಿಲ್ಲ ನೋಡು" ಎಂದರು. ನಗು ಬರಲಿಲ್ಲ ನನಗೆ. ಮುಚ್ಚಳ ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ಬಾಯಲ್ಲಿ ಕ್ಷಮೆ ಕೇಳಲು ನನಗೆ ಬರುವುದಿಲ್ಲ. ಅವಳು ಗೆರೆಯ ಮೇಲೆ ನಿಂತಾಗ ಮೂರು ಏಟು ಸರಿಯಾಗಿ ಹಾಕಿಸಿಬಿಟ್ಟರೆ ಅವಳಿಗೆ ತಿಳಿಯುತ್ತದೆ ಎಂದುಕೊಂಡಿದ್ದೆ.

ಗ್ಯಾಲರಿಯ ಒಂದು ಮೂಲೆ ತುಂಬ ನಾವೇ. ಅವಳು ನಮ್ಮನ್ನು ನೋಡಿ ಕಣ್ಣರಳಿಸಿ ಕೈ ಬೀಸಿದಳು. ಸ್ವಲ್ಪ ಹೊತ್ತಿಗೆ ಫೌಲ್ ಆಯಿತು, ಅವಳು ಗೆರೆಯ ಬಳಿ ಬಂದಳು. ನಾನು ಎದ್ದು ನಿಂತು ಕೈ ಎತ್ತಿದೆ. ಎಲ್ಲರ ಮುಚ್ಚಳಗಳೂ ಮೇಲೆದ್ದವು.

ಅವಳು ಪುಟಿಸಲೇ ಇಲ್ಲ. ರೆಫರಿ ಕೈಯಿಂದ ಚೆಂಡು ತೆಗೆದುಕೊಂಡವಳೇ ಎಸೆದುಬಿಟ್ಟಳು. ಚೆಂಡು ನೇರ ಒಳಗೆ ಬಿತ್ತು. ಎರಡನೆಯದೂ ಹಾಗೆಯೇ. ನಮ್ಮ ಮುಚ್ಚಳಗಳು ಎತ್ತಿದಲ್ಲೇ ಇದ್ದವು. ಹಿಂದಿನ ಸಾಲಿನಲ್ಲಿ ಯಾರೋ ಒಬ್ಬರು ತಡವಾಗಿ ಠಣ್ ಎಂದು ಬಡಿದು, ತಾವೇ ನಾಚಿ ನಿಲ್ಲಿಸಿದರು.

ಆಟ ಮುಗಿದ ಮೇಲೆ ಬೆವರು ಒರೆಸಿಕೊಳ್ಳುತ್ತ ನಮ್ಮ ಬಳಿ ಓಡಿ ಬಂದಳು. "ಎಲ್ಲರೂ ಬಂದಿದೀರಲ್ಲ ಮಿಸ್!" ಎಂದು ನನ್ನ ಕೈ ಹಿಡಿದುಕೊಂಡಳು.

"ಪುಟಿಸಲೇ ಇಲ್ವಲ್ಲೇ" ಎಂದೆ. ಕೇಳಬಾರದಿತ್ತು, ಬಾಯಿ ಸುಮ್ಮನಿರಲಿಲ್ಲ.

"ಅದನ್ನ ಬಿಟ್ಬಿಟ್ಟೆ ಮಿಸ್" ಎಂದಳು. ದೂರಿನ ಎಳೆಯೂ ಇಲ್ಲದ ದನಿ. "ಆಯ್ಕೆಗೆ ಹೋದಾಗೆಲ್ಲ ಪುಟಿಸಿ ನಿಂತ್ರೆ ಕಿವಿ ನಿಮ್ಮನ್ನೇ ಹುಡುಕ್ತಿತ್ತು. ಚೆಂಡು ಆಚೆ ಬೀಳ್ತಿತ್ತು. ಯಾರೂ ಇರಲ್ಲ ಅಂದ್ಕೊಂಡೇ ಎಸೆಯೋದು ಕಲ್ತುಕೊಂಡೆ. ಈಗ ತಪ್ಪಲ್ಲ."

ಅವಳು ಶಾಲೆಯ ಮಕ್ಕಳು ಕಾಯುತ್ತಿದ್ದಾರೆಂದು ಓಡಿದಳು. ನನ್ನ ಗಂಡ ನನ್ನ ಕೈಯಿಂದ ಮುಚ್ಚಳ ತೆಗೆದುಕೊಂಡು ಚೀಲಕ್ಕೆ ಹಾಕಿದರು.